ಹತಾರ ಕೈಗೆ ಕೊಡುವ ದಿನ

ಕೆಂಗಟ್ಟಿ ಊರು, ಕ್ರಿ.ಶ. ೨೨೮೭, ಮೂರನೇ ಬೇಸಿಗೆಯ ಒಂಬತ್ತನೇ ದಿನ

ನನಗಿಂತ ಮೊದಲು ಬದುಕಿದವರಿಗೆ ಕೆಂಚವ್ವನ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮಗೆ ವರ್ಷಕ್ಕೆ ಮೂರು ಬೇಸಿಗೆ. ನಿಮ್ಮ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು. ಮಾತು ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹತಾರ ಇಟ್ಟುಕೊಳ್ಳುವುದು ಯಾರ ಹಕ್ಕು ಎಂದು ನಿಮ್ಮ ಕಾಲದವರು ಇನ್ನೂ ಜಗಳಾಡುತ್ತಿರುವುದನ್ನು ಆ ಕಾಗದಗಳಲ್ಲೇ ಓದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಾವಿರದ ಎಂಟುನೂರ ಐವತ್ತೇಳರಲ್ಲಿ ಕಂಪನಿ ಸರ್ಕಾರ ಹತಾರ ಒಪ್ಪಿಸಿ ಎಂದಿತು. ಹಲಗಲಿಯ ಬೇಡರು ಒಪ್ಪಿಸಲಿಲ್ಲ. ಊರಿಗೆ ಬೆಂಕಿ ಬಿತ್ತು, ಸಿಕ್ಕವರನ್ನು ಗಲ್ಲಿಗೆ ಹಾಕಿದರು. ಇಷ್ಟು ನಿಮಗೂ ಗೊತ್ತು. ನಮ್ಮೂರಿನವರು ತಾವು ಆ ಬೇಡರ ವಂಶ ಎನ್ನುತ್ತಾರೆ, ಮತ್ತು ಇನ್ನೊಂದು ಮಾತು ಸೇರಿಸುತ್ತಾರೆ: ಆಗ ಒಬ್ಬೊಬ್ಬರೂ ತಮ್ಮ ಹತಾರವನ್ನು ನೆರೆಮನೆಯವರ ಕೈಗೆ ಕೊಟ್ಟು ಬಚ್ಚಿಡಿಸಿದ್ದರಂತೆ. ಸಿಪಾಯಿಗಳು ಎಷ್ಟು ಬಡಿದರೂ ತನ್ನ ಕತ್ತಿ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ನಿಜವೋ ಸುಳ್ಳೋ, ನಮ್ಮ ಪದ್ಧತಿ ಅಲ್ಲಿಂದಲೇ ಬಂತು. ವರ್ಷಕ್ಕೊಮ್ಮೆ ಎಲ್ಲರೂ ಚಾವಡಿಯಲ್ಲಿ ಮಿಂಚುಕೋಲು ಇಳಿಸುತ್ತೇವೆ. ಮಿಂಚುಕೋಲೆಂದರೆ ಸದ್ದಿಲ್ಲದೆ ಸುಡುವ ಬಂದೂಕು. ತನ್ನದನ್ನು ತಾನೇ ಎತ್ತಿಕೊಳ್ಳುವ ಹಾಗಿಲ್ಲ, ನೆರೆಯವರು ಎತ್ತಿ ಕೈಗೆ ಕೊಡಬೇಕು.

ಕೊಡದೆ ಇದ್ದವರು ಮಾತ್ರ ಯಾರೂ ಇರಲಿಲ್ಲ. ಕೊಡಲ್ಲ ಅಂದರೆ ನೀನು ಕೊಲೆಗಾರ ಎಂದು ಮುಖಕ್ಕೆ ಹೇಳಿದ ಹಾಗೆ.

ಹೋದ ವರ್ಷ ನೆರೆಮನೆಯ ಫಕೀರಪ್ಪನಿಗೂ ನನ್ನ ತಮ್ಮ ಜಡೆಪ್ಪನಿಗೂ ನೆರಳಿನ ಪಾಳಿಗಾಗಿ ಜಗಳ ನಡೆದಿತ್ತು. ಇಲ್ಲಿ ಊರ ಮೇಲೆ ದೊಡ್ಡ ಬಟ್ಟೆ ಎಳೆಯುತ್ತಾರೆ, ಒಂದೊಂದು ಬೀದಿಗೆ ಇಂತಿಷ್ಟು ಹೊತ್ತು ನೆರಳು. ಒಂದು ತಾಸಿನ ನೆರಳು, ಅಷ್ಟೇ! ಹತಾರದ ದಿನ ಚಾವಡಿಯಲ್ಲಿ ಫಕೀರಪ್ಪ ಹಲ್ಲು ಕಡಿಯುತ್ತಾ ನನ್ನೆದುರು ಕೈಯೊಡ್ಡಿದ. ಕಣ್ಣು ಕೆಂಡವಾಗಿದ್ದವು, ನೋಡಿದೆ. ಮುಖ ಮುರಿಯಲಾರದೆ ಅವನ ಮಿಂಚುಕೋಲು ಎತ್ತಿ ಕೊಟ್ಟೆ. ಊಟದ ಹೊತ್ತಿಗೆ ಜಡೆಪ್ಪ ಅಂಗಳದಲ್ಲಿ ಬಿದ್ದಿದ್ದ. ಎದೆಯಲ್ಲಿ ಮುಷ್ಟಿಯಷ್ಟು ತೂತು, ಸುಟ್ಟ ಅಂಗಿಯ ನಾತ. ಜಡೆಪ್ಪನ ಗೆಳೆಯರು ಫಕೀರಪ್ಪನ ಇಬ್ಬರು ಅಣ್ಣಂದಿರನ್ನು ಕೊಟ್ಟಿಗೆಯಲ್ಲಿ ಕೂಡಿಹಾಕಿ ಬೆಂಕಿ ಹಚ್ಚಿದರು. ಪಂಚರು ಫಕೀರಪ್ಪನ ಬಲಗೈ ಮಣಿಕಟ್ಟಿಗೆ ಕಡಿಸಿದರು. ನನಗೆ ಅಷ್ಟು ಸಾಲಲಿಲ್ಲ. ವರ್ಷವಿಡೀ ಅವನ ತಲೆಯನ್ನೇ ನೆನೆಸಿಕೊಂಡು ಹಿಟ್ಟು ನಾದಿದೆ.

ಇವತ್ತು ಮತ್ತೆ ಆ ದಿನ. ನನ್ನ ಮಿಂಚುಕೋಲು ಎತ್ತಿಕೊಡಬೇಕಾದವಳು ಫಕೀರಪ್ಪನ ಹೆಂಡತಿ ಬಾಳವ್ವ. ಕೈಗೆ ಬಂದ ತಕ್ಷಣ ನೆಟ್ಟಗೆ ಅವರ ಕಟ್ಟೆಗೆ ಹೋಗಿ ಅವನನ್ನು ಸುಡುವುದೆಂದು ನಿಶ್ಚಯಿಸಿದ್ದೆ. ಅವಳು ಎತ್ತಿದಳು. ಕೊಡಲಿಲ್ಲ. ಎದೆಗವಚಿಕೊಂಡು ನಿಂತಳು. ಪಂಚರು ಕೊಡು ಎಂದು ಗದರಿದರು. ನಾನು ಅವಳ ಜುಟ್ಟು ಹಿಡಿದೆಳೆದೆ, ಕೆನ್ನೆ ಪರಚಿದೆ, ಮೂಗಿನ ಮೇಲೆ ಗುದ್ದಿದೆ. ರಕ್ತ ಗದ್ದದವರೆಗೆ ಇಳಿಯಿತು.

"ಕೊಡಂಗಿಲ್ಲ ಯಕ್ಕಾ," ಎಂದಳು. "ಹ್ವಾದ ವರ್ಷ ನೀನೂ ಹಿಂಗ ಅಂದಿದ್ದರ ನಿನ್ನ ತಮ್ಮ ಇರ್ತಿದ್ದ."

ಅವಳ ಜುಟ್ಟು ಬಿಟ್ಟೆ. ಅಲ್ಲೇ ಕೂತು ಗೋಳೋ ಎಂದು ಅತ್ತೆ. ಅವನು ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಬರೆಯುತ್ತಿರುವ ಈ ಕೈಯ ಉಗುರುಗಳಲ್ಲಿ ಅವಳ ರಕ್ತ ಇನ್ನೂ ಹಸಿಯಾಗಿದೆ. ನಿಮ್ಮಲ್ಲಿ ಬೇಡಿಕೊಳ್ಳುವುದು ಇಷ್ಟೇ: ಆ ಹಕ್ಕಿನ ಬಗ್ಗೆ ಕಾಯಿದೆ ಬರೆಯುವಾಗ ನೆರೆಯವರನ್ನೂ ಕೇಳಿ. ಅವರು ಇಲ್ಲ ಅಂದರೆ ಬೈಯಬೇಡಿ. ನಮ್ಮವರು ಪದ್ಧತಿ ಉಳಿಸಿಕೊಂಡು, ಇಲ್ಲ ಅನ್ನಬಹುದು ಎಂಬುದೊಂದನ್ನು ಮರೆತರು. ನನ್ನ ಮಿಂಚುಕೋಲು ಈಗ ಬಾಳವ್ವನ ಮನೆಯಲ್ಲಿ ಎಲ್ಲೋ ಇದೆ. ಎಲ್ಲಿಟ್ಟಿದ್ದಾಳೆಂದು ನಾನು ಕೇಳಿಲ್ಲ.