ಹನ್ನೊಂದು ಹೆಜ್ಜೆ

ತಾ. 12, ಗುರುವಾರ, ಬೆಳಿಗ್ಗೆ 7

ಸಮಸ್ತ ಮನುಕುಲಕ್ಕೆ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಆರು ನಲವತ್ತಕ್ಕೆ ನಮ್ಮ ಮನೆಯ ಊಟದ ಮೇಜು ಅಲ್ಲಾಡುವುದನ್ನು ನಿಲ್ಲಿಸಿತು. ಹದಿನಾಲ್ಕು ವರ್ಷದ ಅಲ್ಲಾಟ. ಒಂದು ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟೆ. ಹಾರ ತುರಾಯಿ ಬೇಡ.

ಮೇಜಿಗೆ ಈ ಭಾಗ್ಯ ಬಂದದ್ದು ಇಪ್ಪತ್ತೆರಡರ ರಜೆಯ ಊಟದಿಂದ. ವರ್ಷಕ್ಕೊಮ್ಮೆ ಎಲ್ಲರೂ ಸೇರುವುದು. ಅಕ್ಕ, ಭಾವ, ಅವರ ಮಗಳು. ತಮ್ಮ, ಅವನ ಹೆಂಡತಿ, ಅವಳಿ ಮಕ್ಕಳು. ಅಪ್ಪ ಅಮ್ಮ ನನ್ನ ಜೊತೆ ಇರುವುದರಿಂದ ಊಟವೂ ನನ್ನ ಜೊತೆಗೇ ಇರಬೇಕಂತೆ. ಮದುವೆಯಾಗದವನ ಅಡುಗೆಮನೆ ಎಲ್ಲರ ಆಸ್ತಿ.

ಈ ಸಲ ಗೊಣಗಲಿಲ್ಲ. ಸ್ವಾರ್ಥ ಇದೆ. ಹರ್ನಿಯಾ ಆಪರೇಷನ್ ಇಪ್ಪತ್ತೇಳಕ್ಕೆ. ಎರಡು ಸಲ ಮುಂದೂಡಿ ಆಗಿದೆ. ಮೂರನೇ ಸಲ ಮುಂದೂಡಿದರೆ ಕರುಳು ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಡಾಕ್ಟರು ಕನ್ನಡಕ ತೆಗೆದಿಟ್ಟು ಹೇಳಿದರು. ಕನ್ನಡಕ ತೆಗೆದರೆಂದರೆ ತಮಾಷೆಯಲ್ಲ. ಆಪರೇಷನ್ ಆದ ಮೇಲೆ ಆರು ವಾರ ತುಂಬಿದ ಬಕೆಟ್ ಕೂಡ ಎತ್ತುವಂತಿಲ್ಲ. ಅಪ್ಪ ಬಕೆಟ್ಟಿಗಿಂತ ಭಾರ.

ಆದ್ದರಿಂದ ಮಹಾಯೋಜನೆ: ಅಪ್ಪ ಅಮ್ಮ ಮೂರು ವಾರ ಅಕ್ಕನ ಮನೆ, ಮೂರು ವಾರ ತಮ್ಮನ ಮನೆ. ಫೋನಿನಲ್ಲಿ ಕೇಳಬಾರದು. ಇಂಥ ಮಾತು ಬಂದರೆ ಇಬ್ಬರಿಗೂ ಸಿಗ್ನಲ್ ಹೋಗುತ್ತದೆ. ಎದುರಿಗೆ ಕೂರಿಸಿ, ಬಾಯಲ್ಲಿ ಸಿಹಿ ಇರುವಾಗ ಕೇಳಬೇಕು. ಅಪ್ಪ ಅಮ್ಮನಿಗೆ ಏನೂ ಹೇಳಿಲ್ಲ. ಸುಮ್ಮನೆ ನೊಂದುಕೊಳ್ಳುತ್ತಾರೆ.

ತಾ. 14, ಶನಿವಾರ

ಅಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್. ಈಗ ನಾನೇ ಬಸ್ಸು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ವಾಪಸ್. ದಿನಕ್ಕೆ ಆರು ಟ್ರಿಪ್. ನಾನು ಕಂಕುಳಿಗೆ ಕೈ ಹಾಕಿದ ಮೇಲೆ ಅವರು "ಹೋಲ್ಡಾನ್" ಅನ್ನುತ್ತಾರೆ. ಉಸಿರು ತೆಗೆದುಕೊಂಡು "ರೈಟ್" ಅನ್ನುತ್ತಾರೆ. ಆಗ ಎತ್ತಬೇಕು. ರೈಟ್ ಅನ್ನುವ ಮೊದಲು ಎತ್ತಿದರೆ ಸೊಂಟ ಹಿಡಿದು, ದಿನವಿಡೀ ಮುಷ್ಕರ.

ಅಮ್ಮನಿಗೆ ಮರೆವು. ನನಗೆ ದಿನಕ್ಕೊಂದು ನೆಂಟಸ್ತಿಕೆ ಹಚ್ಚುತ್ತಾರೆ. ನಿನ್ನೆ ಅವರ ಅಣ್ಣ. ಇವತ್ತು ಗ್ಯಾಸ್ ಸಿಲಿಂಡರ್ ತರುವವನು. ಲೇಟಾಯಿತೆಂದು ಬೈಸಿಕೊಂಡೆ.

ಮಧ್ಯಾಹ್ನ ಕೆಳಗೆ ನನ್ನ ರಿಪೇರಿ ಅಂಗಡಿಯಲ್ಲಿ ಒಂದು ಮಿಕ್ಸಿ ಬಿಚ್ಚಿಕೊಂಡು ಕೂತಿದ್ದೆ. ತಲೆಯ ಮೇಲೆ ಏನೋ ಎಳೆದಾಡುವ ಸದ್ದು. ಕರ್ರ್... ಕರ್ರ್... ಹತ್ತಿ ಹೋದರೆ ಇಬ್ಬರೂ ಮಂಚದ ಮೇಲೆ ಗಪ್‌ಚಿಪ್. ಮೇಷ್ಟ್ರು ಬಂದ ಕ್ಲಾಸಿನ ಹಾಗೆ. ಅಪ್ಪನ ಹಣೆಯಲ್ಲಿ ಬೆವರು. ಸೆಕೆ ಅಂದರು. ಫ್ಯಾನ್ ತಿರುಗುತ್ತಿತ್ತು.

ತಾ. 17, ಮಂಗಳವಾರ

ಅಕ್ಕನ ಫೋನ್. ಎರಡು ಗಂಟೆ ದೂರದ ಊರಿನಿಂದ ನನ್ನ ಒಲೆಯ ಉರಿ ಹೆಚ್ಚು ಕಡಿಮೆ ಮಾಡುವ ಶಕ್ತಿ ಅವಳಿಗಿದೆ. ಭಾವನಿಗೆ ಉಪ್ಪು ಕಮ್ಮಿ. ತಮ್ಮನ ಹೆಂಡತಿಗೆ ಎಣ್ಣೆ ಕಮ್ಮಿ. ಅವಳಿಗಳಿಗೆ ಖಾರ ಬೇಡವೇ ಬೇಡ. ಒಟ್ಟು ಲೆಕ್ಕದಲ್ಲಿ ಬಿಸಿನೀರು ಬಡಿಸಿದರೆ ಎಲ್ಲರಿಗೂ ಒಗ್ಗುತ್ತದೆ. ಕೊನೆಗೆ, ಅಪ್ಪನ ಉಗುರು ಕತ್ತರಿಸಿದೆಯಾ ಎಂದು ಕೇಳಿದಳು. ಹೋದ ಸಲ ಬಂದಾಗ ಅಷ್ಟುದ್ದ ಉಗುರು ನೋಡಿ ಎಲ್ಲರೆದುರು ಅಂದದ್ದು ಸಾಲದೇನೋ.

ಅಂಗಡಿಯ ಪ್ಲಾಸ್ಟಿಕ್ ಕುರ್ಚಿ ಅಪ್ಪನ ರೂಮಿಗೆ ಹೋಗಿ ಸೇರಿದೆ. ಯಾಕೆ ಅಂದರೆ, ಇರಲಿ ಅನ್ನುತ್ತಾರೆ. ಹೊಟ್ಟೆಯ ಕೆಳಗೆ ಚುಚ್ಚುತ್ತಿದೆ. ಮಲಗಬೇಕು.

ತಾ. 21, ಶನಿವಾರ

ಆಲೂಗಡ್ಡೆ ಮೂರು ಕೆಜಿ ಸುಲಿದೆ. ಅಂಗಡಿಗೆ ರಿಪೇರಿಗೆ ಬಂದು ಯಾರೂ ವಾಪಸ್ ಒಯ್ಯದ ಮಿಕ್ಸಿಗಳು ಆರು. ಇವತ್ತು ಒಂದೂ ತಿರುಗಲಿಲ್ಲ. ಒರಳಿಲ್ಲ. ಮಸಾಲೆಯನ್ನು ಬಾಟಲಿಯಿಂದ ಜಜ್ಜಿದೆ. ಈ ವಿಷಯ ಗಿರಾಕಿಗಳಿಗೆ ತಿಳಿಯದಿರಲಿ.

ಡಾಕ್ಟರ ಚೀಟಿ ಅಂಗಿ ಜೇಬಿನಲ್ಲಿದೆ. ನಾಲ್ಕು ಸಲ ಮುಟ್ಟಿ ನೋಡಿಕೊಂಡೆ.

ತಾ. 22, ಭಾನುವಾರ, ಸಂಜೆ 4

ಹೇಗೆ ಬರೆಯುವುದು.

ಹನ್ನೆರಡೂವರೆಗೆ ಎಲ್ಲರೂ ಬಂದರು. ತಟ್ಟೆ ಹಾಕಿ, ಅಪ್ಪನನ್ನು ಎತ್ತಿ ತರೋಣ ಎಂದು ತಿರುಗಿದೆ. ಅಪ್ಪ ಬಾಗಿಲಲ್ಲಿ ನಿಂತಿದ್ದರು. ನಿಂತು. ತಾವೇ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು. ಬಾಗಿಲಿನಿಂದ ಮೇಜಿಗೆ ಹನ್ನೊಂದು ಹೆಜ್ಜೆ. ಕುರ್ಚಿಗಳ ಬೆನ್ನು ಹಿಡಿಯುತ್ತ, ತುಂಬಿದ ಬಸ್ಸಿನಲ್ಲಿ ಟಿಕೆಟ್ ಹರಿಯುವವರ ಹಾಗೆ, ನಡೆದೇ ಬಂದರು. ತಮ್ಮ ವಿಡಿಯೊ ಮಾಡಿಕೊಂಡ.

ಅಮ್ಮ ಇನ್ನೊಂದು ಪವಾಡ. ಭಾವನ ಮಂಡಿ ನೋವು ಕೇಳಿದರು. ತಮ್ಮನ ಹೆಂಡತಿಯ ಹೊಸ ಕೆಲಸ ಕೇಳಿದರು. ಅವಳಿಗಳಲ್ಲಿ ದೊಡ್ಡವನ್ಯಾರು ಎಂದು ನನಗೇ ಗೊತ್ತಿಲ್ಲ, ಅವರು ಸರಿಯಾಗಿ ಹೇಳಿದರು. ನಾನು ಸೌಟು ಹಿಡಿದು ಪೆಚ್ಚಾಗಿ ನಿಂತಿದ್ದೆ.

ಸಿಹಿ ಆಯಿತು. ಅಕ್ಕನನ್ನೂ ತಮ್ಮನನ್ನೂ ಬಾಲ್ಕನಿಗೆ ಕರೆದು ಚೀಟಿ ತೋರಿಸಿದೆ. ಆರು ವಾರದ ಮಾತೆತ್ತಿದೆ. ತಮ್ಮ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ಹರ್ನಿಯಾ ಈಗೆಲ್ಲ ಸಣ್ಣದು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು ಅಂದ. ಎತ್ತುವವರು ಯಾರು ಅಂದೆ.

ಅಕ್ಕ ನಕ್ಕಳು. ನನಗೆ ಅವಳಿಟ್ಟ ಹೆಸರು ರಿಪೇರಿ. "ಯಾರನ್ನ ಎತ್ತೋದೋ ರಿಪೇರಿ? ಈಗ ತಾನೇ ನಡ್ಕೊಂಡು ಬಂದ್ರಲ್ಲ. ಅಮ್ಮನಿಗೆ ನನಗಿಂತ ಜ್ಞಾಪಕ ಇದೆ. ಚೆನ್ನಾಗಿರೋರನ್ನ ಊರೂರು ಸುತ್ತಿಸಿ ಕೆಡಿಸಬೇಡ ಕಣೋ. ನೀನು ಸುಮ್ಮನೆ ಹೆದರ್ಕೋತೀಯ."

ಚೀಟಿ ವಾಪಸ್ ಜೇಬಿಗೆ ಹೋಯಿತು. ಮೂರೂ ಕಾಲಿಗೆ ಹೊರಟರು. ಉಳಿದದ್ದನ್ನು ನನ್ನ ಡಬ್ಬಿಗಳಲ್ಲೇ ತುಂಬಿಕೊಂಡು.

ಅದೇ ದಿನ, ಸಂಜೆ 6

ಅಂಗಡಿಯಲ್ಲಿ ಕೂತು ಇಷ್ಟು ಬರೆದು ಮೇಲೆ ಬಂದರೆ ಅಪ್ಪ ಕುರ್ಚಿಯಲ್ಲೇ ಕುಸಿದಿದ್ದರು. ಮಂಡಿ ಎರಡೂ ಊದಿವೆ. ಪ್ಯಾಂಟು ಒದ್ದೆ. ಎತ್ತಿ ಮಲಗಿಸುವಷ್ಟರಲ್ಲಿ ನನ್ನ ಕಣ್ಣು ಕತ್ತಲೆ ಬಂತು. ಅಮ್ಮ ಪಕ್ಕದಲ್ಲಿ ನಿಂತು, ಬಂದಿದ್ದವರು ಒಳ್ಳೆ ಜನ, ಯಾರ ಕಡೆಯವರು ಎಂದು ವಿಚಾರಿಸುತ್ತಿದ್ದರು.

ದಿಂಬು ಸರಿಮಾಡುವಾಗ ಅಂಗಡಿಯ ರಸೀದಿಯೊಂದು ಸಿಕ್ಕಿತು. ಹಿಂದೆ ಅಪ್ಪನ ನಡುಗುವ ಅಕ್ಷರ.

ಕನ್ನಡಕ: ಅಳಿಯ. ಮಂಡಿ ನೋವು ಕೇಳು.
ಗಿಡ್ಡ ಕೂದಲು: ಸೊಸೆ. ಹೊಸ ಕೆಲಸ.
ಅವಳಿ: ಕಿವಿ ಹತ್ತಿರ ಮಚ್ಚೆ ಇರುವವನು ದೊಡ್ಡವನು.
ಗ್ರೀಸ್ ವಾಸನೆ: ನಮ್ಮ ಮಗ. ಬೈಯಬೇಡ.

ಎರಡು ವಾರದ ತಾಲೀಮಂತೆ. ಮಧ್ಯಾಹ್ನ ನಾನು ಕೆಳಗಿದ್ದಾಗ ಅಮ್ಮ ಮಂಚದ ಪಕ್ಕಕ್ಕೆ ಕುರ್ಚಿ ಒತ್ತಿ ಹಿಡಿಯುವುದು, ಅಪ್ಪ ಅದನ್ನೇ ಊರಿ ಎದ್ದು, ತಳ್ಳಿಕೊಂಡು ನಡೆಯುವುದು. ಸುಸ್ತಾದಾಗ ಕೂತು ಅಮ್ಮನಿಂದ ಪಾಠ ಒಪ್ಪಿಸಿಕೊಳ್ಳುವುದು. ಯಾಕೆ ಎಂದು ಅಪ್ಪನನ್ನು ಕೇಳಿದೆ. ದನಿ ಎತ್ತರಿಸಿಯೇ ಕೇಳಿದೆ.

"ಹೋದ ಸಲ ನಿನ್ನಕ್ಕ ಅಂದ್ಲಲ್ಲ, ಅಪ್ಪನ್ನ ಹೀಗಾ ನೋಡ್ಕೊಳ್ಳೋದು ಅಂತ. ಈ ಸಲ ನಿನ್ನ ಮೇಲೆ ಯಾರೂ ಒಂದು ಮಾತಾಡಬಾರದು ಅನ್ನಿಸ್ತು."

ಇಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ. ಮಾಡಿಕೊಂಡೆ. ಪಾತ್ರೆ ತೊಳೆಯುವ ನೆಪದಲ್ಲಿ ಅರ್ಧ ಗಂಟೆ ಪಾತ್ರೆ ಕುಕ್ಕಿದೆ. ಆಮೇಲೆ ಬಂದು ಚೀಟಿಯನ್ನು ಅಪ್ಪನ ಕೈಗೆ ಕೊಟ್ಟೆ.

ಎರಡು ಸಲ ಓದಿದರು. ಮೊದಲೇ ಹೇಳೋಕೇನಾಗಿತ್ತು ಎಂದು ಕೇಳಿದರು. ಅವರು ಅಡಗಿಸಿದ್ದು ಎರಡು ವಾರ, ನಾನು ಎರಡು ತಿಂಗಳು. ಫೋನ್ ಕೊಡು ಅಂದರು.

"ಮಗಳೇ, ಮಧ್ಯಾಹ್ನ ನೀನು ನೋಡಿದ್ದು ಡ್ಯೂಟಿ ಕಣಮ್ಮ. ಡ್ಯೂಟಿ ಮುಗೀತು. ಈಗ ಬಂದು ನೋಡು."

ಆ ಕಡೆ ಸಿಗ್ನಲ್ ಹೋಗಲಿಲ್ಲ.

ತಾ. 24, ಮಂಗಳವಾರ, ಬೆಳಿಗ್ಗೆ 9.40

ಹತ್ತು ಗಂಟೆಗೆ ಅಕ್ಕ ಬರುತ್ತಾಳೆ. ಒಬ್ಬಳೇ. ಬಂದು ನೋಡುತ್ತೇನೆ ಅಂದಿದ್ದಾಳೆ. ಅಷ್ಟೇ ಅಂದಿರುವುದು.

ಅಪ್ಪನ ಆಜ್ಞೆ: ಗಡ್ಡ ಹೆರೆಯುವುದು ಬೇಡ, ಇಸ್ತ್ರಿ ಬೇಡ, ಮನೆ ಗುಡಿಸಬಾರದು. ಇರುವ ಹಾಗೇ ಕಾಣಬೇಕು. ಇದಕ್ಕೂ ತಾಲೀಮು ನಡೆಸಿದ್ದಾರೋ ಎಂದು ಅನುಮಾನ. ಅಮ್ಮನಿಗೆ ಮಾತ್ರ ಆಜ್ಞೆ ತಲುಪಿಲ್ಲ. ರಸೀದಿ ಹಿಡಿದು, ಗಿಡ್ಡ ಕೂದಲು ಯಾರು, ಗಿಡ್ಡ ಕೂದಲು ಯಾರು ಎಂದು ಉರು ಹೊಡೆಯುತ್ತಿದ್ದಾರೆ. ಆಗಾಗ ನನ್ನ ತೋಳನ್ನು ಮೂಸಿ ನೋಡುತ್ತಾರೆ. ಬೈಯುವುದಿಲ್ಲ.

9.50

ಅಪ್ಪ ಮಂಚದಿಂದ ಅರ್ಧ ಜಾರಿದ್ದಾರೆ. ನಿಜವಾಗಿಯೇ. ಒಬ್ಬನೇ ಎತ್ತಲು ಹೋದೆ, ಹೊಟ್ಟೆ ಒಪ್ಪಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಹೋಲ್ಡಾನ್‌ನಲ್ಲಿ ನಿಲ್ಲಿಸಿದ್ದೇನೆ. ಕೆಳಗೆ ಆಟೊ ನಿಂತ ಸದ್ದು. ಬಾಗಿಲು ತೆಗೆದಿಟ್ಟು, ಈ ಡೈರಿಯನ್ನು ಅಲ್ಲಾಡದ ಮೇಜಿನ ಮೇಲೆ ಬಿಚ್ಚಿಡುತ್ತಿದ್ದೇನೆ. ಅಕ್ಕ, ನೀನು ಓದಿಯೇ ಓದುತ್ತೀಯ. ಆರನೇ ಕ್ಲಾಸಿನಲ್ಲಿ ನನ್ನ ಡೈರಿಯನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದವಳು. ಹಿಂದಿನ ಪುಟ ಆಮೇಲೆ ನೋಡುವೆಯಂತೆ. ಸದ್ಯಕ್ಕೆ ಚೀಲ ಕೆಳಗಿಟ್ಟು ಒಳಗೆ ಬಾ, ಅಪ್ಪನ ಕಾಲಿನ ಕಡೆ ಹಿಡಿ. ಮಂಡಿಯ ಕೆಳಗೆ ಎರಡೂ ಕೈ. ಅವರು ರೈಟ್ ಅನ್ನುವವರೆಗೆ ಎತ್ತಬೇಡ, ಅಂದ ತಕ್ಷಣ