ಅಲೆ ಸೋಲುವ ಹೊಲ

ಮರಳುಕೋಡಿ, ಇಸವಿ ೨೧೬೮, ಜ್ಯೇಷ್ಠ ಮಾಸ

ಪ್ರೀತಿಯ ಗೌರಜ್ಜಿಗೆ,

ನಿಮ್ಮ ಕಾಲದಲ್ಲಿ ನೀವಿನ್ನೂ ಅಜ್ಜಿಯಾಗಿಲ್ಲ, ಗೊತ್ತು. ಆದರೆ ನನ್ನ ಮುತ್ತಜ್ಜಿಗೇ ಅಜ್ಜಿ ನೀವು. ಬೇರೆ ಹೇಗೆ ಕರೆಯಲಿ? ನೀವು ಕೇಳಿರದ ಪದಗಳು ನಡುವೆ ಬಂದರೆ ಮನ್ನಿಸಿ.

ನಿಮ್ಮ ಕೇರಿ ಈಗ ನೀರಿನಡಿಯಲ್ಲಿದೆ. ನಾವು ಅದರ ಹಿಂದೆ, ಕಂಬಗಳ ಮೇಲೆ ಕಟ್ಟಿದ ಮನೆಗಳಲ್ಲಿದ್ದೇವೆ. ಬಸಳೆ ತೊಟ್ಟಿಯಲ್ಲಿ ಬೆಳೆಯುತ್ತದೆ, ಬಟ್ಟೆ ಒಣಗುವುದು ಮಾಡಿನ ಮೇಲೆ. ನೀವು ನೆಟ್ಟ ಕಡಲಹುಲ್ಲು, ಕಡಲು ಏರಿದಂತೆ ತಾನೂ ದಡದ ಕಡೆಗೆ ಹಬ್ಬುತ್ತ ಬಂದು, ಈಗ ನಮ್ಮ ಮನೆಗಳ ಮುಂದೆಲ್ಲ ಹರಡಿಕೊಂಡಿದೆ. ಅದನ್ನು ನಾವು ಸೋಲುಹೊಲ ಎನ್ನುತ್ತೇವೆ. ಆಳದಲ್ಲಿ ಅಲೆಗೆ ಅಡ್ಡಿಯಿಲ್ಲ. ಆಳ ಕಡಿಮೆಯಾಗಿ ನೀರು ತೆಳುವಾದಲ್ಲಿ ಅಲೆಯ ಬುಡ ನೆಲಕ್ಕೆ ಉಜ್ಜಿ ನಿಧಾನವಾಗುತ್ತದೆ, ತಲೆ ಮೇಲೆದ್ದು ಮಗುಚಿ ನೊರೆಯಾಗುತ್ತದೆ. ಉಳಿದ ಕಸುವನ್ನು ಹುಲ್ಲು ತೂಗಿ ತೂಗಿ ಕಳೆಯುತ್ತದೆ.

ಕಳೆದ ವಾರದ ಚಂಡಮಾರುತದ ಮಧ್ಯಾಹ್ನ ಊರೆಲ್ಲ ಗುಡ್ಡ ಹತ್ತಿತ್ತು. ನನ್ನ ಅಕ್ಕ ಕುಮುದಳಿಗೆ ಹೆರಿಗೆ ನೋವು; ಅವಳನ್ನು ಎತ್ತುವಂತಿರಲಿಲ್ಲ.

"ನೀವ್ ಹೋಯ್ನಿ, ನಂಗೆ ಏಳುಕ್ ಆತಿಲ್ಲೆ," ಎಂದಳು.

ಹೆರಿಗೆ ಮಾಡಿಸಲು ಬಂದಿದ್ದ ರುಕ್ಕು ಚಿಕ್ಕಿ ಅವಳ ಸೊಂಟ ಒತ್ತುತ್ತಲೇ ಹೇಳಿದರು: "ನಿನ್ನ ಬಿಟ್ಟಿಕ್ ಎಲ್ಲಿಗ್ ಹೋಪುದ್? ಅಲೆ ಹೊಲ ದಾಂಟಿ ಬರ್ಕಲ್ದಾ."

ಹೊಲ ದಾಟದೆ ಅಲೆ ಬರಲಾರದೆಂಬ ಅವರ ಧೈರ್ಯ ನನಗಿರಲಿಲ್ಲ. ಕಿಟಕಿಯಲ್ಲಿ ನಿಂತೆ. ಮನೆಯೆತ್ತರದ ಅಲೆಯೊಂದು ಬರುತ್ತಿತ್ತು. ಪಕ್ಕದಲ್ಲೇ ಮಲಗಿದ್ದ ಅಕ್ಕನ ಕೈ ಹಿಡಿದು ಕಣ್ಣು ಮುಚ್ಚಿಬಿಟ್ಟೆ. ದೂರದಲ್ಲಿ ಗುಡುಗಿನಂಥ ಸದ್ದು. ಕಣ್ಣು ತೆರೆದಾಗ ಅಲೆ ಹೊಲದಂಚಿನಲ್ಲಿ ಮುರಿದು ಬಿದ್ದಿತ್ತು. ಬೆಳ್ಳಗಿನ ನೊರೆ ಹುಲ್ಲಿನ ಮೇಲೆ ತೆವಳುತ್ತ ಬಂತು, ಪ್ರತಿ ಮಾರು ದೂರಕ್ಕೂ ತಗ್ಗುತ್ತ. ನಮ್ಮ ಮೆಟ್ಟಿಲಿಗೆ ತಲುಪಿದ್ದು ಮೊಣಕಾಲುದ್ದದ ನೀರು. ಅದರ ಹಿಂದೆ ಇನ್ನೊಂದು, ಮತ್ತೊಂದು. ಎಲ್ಲವೂ ಅಲ್ಲೇ ಮುರಿದವು. ಗಾಳಿ ಇಳಿಯುವ ಮೊದಲೇ ಹೆಣ್ಣುಮಗು ಅತ್ತಿತು. ಚಿಕ್ಕಿ ನಕ್ಕರು; ನಾನು ಅತ್ತುಬಿಟ್ಟೆ.

ಪಕ್ಕದೂರಿನವರು ಹಿಂದೊಮ್ಮೆ ದೋಣಿ ಹೋಗಲು ದಾರಿ ಬೇಕೆಂದು ತಮ್ಮ ತೆಳುನೀರನ್ನು ಅಗೆದು ಆಳ ಮಾಡಿದ್ದರು. ಈ ಸಲ ಅಲ್ಲಿ ಅಲೆ ಸೋಲದೆ ನೇರ ಮನೆಗಳಿಗೆ ನುಗ್ಗಿತು. ಗುಡ್ಡದಿಂದ ಇಳಿದುಬಂದವರಿಗೆ ಬರೀ ಕಂಬಗಳು ಸಿಕ್ಕವು. ಈಗ ಅವರೆಲ್ಲ ನಮ್ಮ ಮನೆಗಳಲ್ಲೇ ಉಣ್ಣುತ್ತಿದ್ದಾರೆ.

ನೀವು ಈ ಹೊತ್ತು ಸೆರಗು ಕಟ್ಟಿಕೊಂಡು, ಕೆಸರುನೀರಲ್ಲಿ ಬಗ್ಗಿ ಒಂದೊಂದೇ ಹುಲ್ಲಿನ ಬುಡ ಊರುತ್ತಿದ್ದೀರಿ. ದಡದಲ್ಲಿ ನಿಂತವರು ಕಡಲಲ್ಲಿ ಗದ್ದೆ ನಾಟಿಯೇ ಎಂದು ನಗುತ್ತಿದ್ದಾರಂತೆ. ನಗಲಿ. ನಿಮಗೆ ಬೆನ್ನು ನೋವೆಂದೂ ಕೇಳಿದ್ದೇನೆ. ಸ್ವಲ್ಪ ಕೂತು ಗಂಜಿ ಕುಡಿಯಿರಿ. ಆಮೇಲೆ ಮತ್ತೆ ಇಳಿಯಿರಿ, ಅಜ್ಜಿ. ನಾವಿನ್ನೂ ಹುಟ್ಟಬೇಕಿದೆ.

ನಿಮ್ಮ,
ಸುನೀತಿ