ಕೊಟ್ಟಿಗೆ ಅಟ್ಟದ ಹಲಗೆ

ಬೀಚನಹಳ್ಳಿ
12-5-2003

ಮೊಮ್ಮಗ ಸೋಮೇಶನಿಗೆ,

ಥೂ, ನಿನ್ನ ಬುದ್ಧಿಗೆ ಬೆಂಕಿ ಬೀಳ! ಬಸ್ಸಿನಲ್ಲಿ ಕಾಫಿ ಕುಡಿಯೋಕೆ ಅಂತ ಸ್ನೇಹಿತರಿಗೆಲ್ಲ ಮುಚ್ಚಳದ ಮರದ ಲೋಟ ಕಡೆದು ಹಂಚಿದೆಯಲ್ಲ, ಹಲಗೆ ಎತ್ತಿಕೊಂಡು ಹೋಗುವಾಗ ನನ್ನನ್ನು ಒಂದು ಮಾತು ಕೇಳಿದೆಯಾ? ಕೊಟ್ಟಿಗೆ ಅಟ್ಟದಲ್ಲಿದ್ದ ಆ ಹಲಸಿನ ದಪ್ಪ ಹಲಗೆ, ನಿಮ್ಮ ತಾತನ ಹೆಣ ಮಲಗಿಸಿ ನೀರು ಹುಯ್ದದ್ದು ಕಣೋ! ನೀನು ಕೊಟ್ಟ ಲೋಟದಲ್ಲಿ ನಾನೂ ವಾರವೆಲ್ಲ ಕಾಫಿ ಕುಡಿದೆ. ನಿನ್ನೆ ಅಟ್ಟ ಖಾಲಿ ಇರೋದು ಕಂಡಾಗಲೇ ಅದು ಯಾವ ಮರ ಅಂತ ಗೊತ್ತಾದದ್ದು.

ಎಲ್ಲರ ಹತ್ತಿರವೂ ಲೋಟ ವಾಪಸ್ ಇಸ್ಕೋ. ನಿಜ ಹೇಳಬೇಡ, ವಾಂತಿ ಮಾಡ್ಕೊಂಡಾರು. ಮರ ಬಿರಿಯುತ್ತೆ ಅನ್ನು.

ಆ ಹಲಗೆಯನ್ನು ನನಗೂ ಆಗಲಿ ಅಂತ ಎತ್ತಿಟ್ಟಿದ್ದೆ. ಈಗ ನನ್ನನ್ನು ಯಾವುದರ ಮೇಲೆ ಮಲಗಿಸಿ ನೀರು ಹುಯ್ಯುತ್ತೀಯ? ಬರೋ ತಿಂಗಳು ಹುಟ್ಟೋದರೊಳಗೆ ಉತ್ತರ ಬರೆ.

ನಿನ್ನ ಅಜ್ಜಿ,
ಪುಟ್ಟನಂಜಮ್ಮ